ಒಂದೇ ಜಾಲಂಧ್ರ, ಮೂರು ಕೈಕೆಲಸ: ಚಿತ್ರಕಲಾ ವಿದ್ಯಾರ್ಥಿ ತನ್ನ ಹವ್ಯಾಸ ಕಂಡುಕೊಳ್ಳುವ ಬಗೆ

ಚಿತ್ರಕಲಾ ಕಾಲೇಜಿನ ಮೊದಲ ವರ್ಷ ಮುಗಿಯುವಷ್ಟರಲ್ಲಿ ಸ್ಟಿಲ್ ಲೈಫ್, ತಲೆಯ ಸ್ಟಡಿ, ನಿಸರ್ಗಚಿತ್ರ ಎಲ್ಲವೂ ಒಂದು ಸುತ್ತು ಆಗಿರುತ್ತದೆ. ಸಬ್ಮಿಷನ್ ಕೆಲಸ ಕೈತುಂಬ ಇದ್ದರೂ ಮನಸ್ಸು ಬೇರೆ ಏನನ್ನೋ ಹುಡುಕುತ್ತಿರುತ್ತದೆ. ಆಗ ಬಹಳಷ್ಟು ಹುಡುಗ ಹುಡುಗಿಯರು ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿ ರೆಸಿನ್ ಕಿಟ್ ತರಿಸುತ್ತಾರೆ, ಮುಂದಿನ ತಿಂಗಳು ಕ್ರೋಶಾ, ಅದರ ಮುಂದಿನ ತಿಂಗಳು ಮಂಡಲ ಪೆನ್ನು. ಎಲ್ಲವೂ ಅರ್ಧರ್ಧ ಬಳಕೆಯಾಗಿ ಕಪಾಟಿನ ಮೇಲೆ ಹೋಗುತ್ತವೆ. ಕೊನೆಗೆ ಉಳಿಯುವುದು ‘ನನಗೆ ಯಾವುದರಲ್ಲೂ ನಿಲುಗಡೆ ಇಲ್ಲ’ ಎಂಬ ಕೊರಗು. ಆ ಕೊರಗಿಗೆ ಕಾರಣವಿಲ್ಲ. ತಪ್ಪಿರುವುದು ಪರೀಕ್ಷೆ ಮಾಡುವ ರೀತಿಯಲ್ಲಿ.

ಯಾವ ಕೈಕೆಲಸದಲ್ಲೂ ಒಂದು ಸೊಗಸಿನ ಭಾಗ, ಒಂದು ಬೇಸರದ ಭಾಗ ಇರುತ್ತದೆ. ಸೊಗಸಿನ ಭಾಗ ಮೊದಲ ದಿನ ಎಲ್ಲರಿಗೂ ಹಿಡಿಸುತ್ತದೆ, ಆದ್ದರಿಂದ ಅದು ನಿಮ್ಮ ಬಗ್ಗೆ ಏನೂ ಹೇಳುವುದಿಲ್ಲ. ಮಣ್ಣು ತೊಳೆಯುವುದು, ಎಳೆ ಎಣಿಸುವುದು, ಸಮಯ ನೋಡಿ ಬರೆದಿಡುವುದು ಇಂಥ ಬೇಸರದ ಭಾಗವೇ ನಿಮ್ಮನ್ನು ಬಯಲು ಮಾಡುತ್ತದೆ. ಯಾವ ಕೆಲಸದ ಬೇಸರ ನಿಮಗೆ ಬೇಸರ ಅನ್ನಿಸುವುದಿಲ್ಲವೋ ಅದು ನಿಮ್ಮದು. ಅದಕ್ಕಾಗಿಯೇ ಇಲ್ಲಿ ಮೂರು ಬೇರೆ ಬೇರೆ ಜಾತಿಯ ಬೇಸರವಿರುವ ಮೂರು ಕೆಲಸಗಳನ್ನು ಆರಿಸಲಾಗಿದೆ: ಮಣ್ಣಿನಿಂದ ಬಣ್ಣ ತಯಾರಿಸುವುದು, ಬಿಸಿಲಿನಲ್ಲಿ ನೀಲಿ ಅಚ್ಚು ತೆಗೆಯುವುದು, ಬಟ್ಟೆಯ ಎಳೆ ಎಣಿಸಿ ಹಾಕುವ ಕಸೂತಿ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಈ ಮೂರೂ ಜಿಲ್ಲೆಗಳಲ್ಲಿ ಇವಕ್ಕೆ ಬೇಕಾದ ಮಣ್ಣು, ಬಿಸಿಲು, ಬಟ್ಟೆ ಕೈಯಳತೆಯಲ್ಲೇ ಇವೆ.

ಕಾಲ ನೋಡಿ ಶುರು ಮಾಡಿ. ಮಣ್ಣು ಒಣಗಿರುವ ಫೆಬ್ರವರಿ, ಮಾರ್ಚ್‌ನಲ್ಲಿ ಬಣ್ಣದ ಕೆಲಸ, ಏಪ್ರಿಲ್, ಮೇ ಬಿಸಿಲಿಗೆ ನೀಲಿ ಅಚ್ಚು, ಮಳೆ ಹಿಡಿದ ಮೇಲೆ ಮನೆಯೊಳಗೆ ಕೂತು ಕಸೂತಿ. ನಮೂನೆಗೆ ಒಂದು ವಾರ, ಬಣ್ಣಕ್ಕೆ ಮೂರು ವಾರ, ಉಳಿದೆರಡಕ್ಕೆ ಎರಡೆರಡು ವಾರ ಸಾಕು.

ನಮೂನೆ ಒಂದೇ ಇರಲಿ

ಮೂರೂ ಕೆಲಸಕ್ಕೆ ಒಂದೇ ನಮೂನೆ ಬಳಸಬೇಕು. ನಮೂನೆ ಬದಲಾದರೆ ನಿಮಗೆ ಹಿಡಿಸಿದ್ದು ಚಿತ್ರವೋ ಕೆಲಸವೋ ತಿಳಿಯುವುದಿಲ್ಲ.

ಐಹೊಳೆಯ ದುರ್ಗ ಗುಡಿಯ ಪ್ರದಕ್ಷಿಣಾ ಪಥದಲ್ಲಿ, ಲಾಡಖಾನ್ ಗುಡಿಯ ಗೋಡೆಯಲ್ಲಿ ಕಲ್ಲಿನ ಜಾಲಂಧ್ರಗಳಿವೆ, ಅಂದರೆ ಬೆಳಕು ಬರುವಂತೆ ತೂತು ಕೊರೆದ ಜಾಲಿ ಕಿಟಕಿಗಳು. ವಿಜಯಪುರದ ಇಬ್ರಾಹಿಂ ರೋಜಾದಲ್ಲಿ ಅಕ್ಷರಗಳನ್ನೇ ಜಾಲಿಯಾಗಿ ಕೊರೆದ ಕಲ್ಲಿನ ಕಿಟಕಿಗಳಿವೆ. ಬೆಳಗಾವಿ ಕೋಟೆಯೊಳಗೆ 1204ರ ಕಮಲ ಬಸದಿ ಇದೆ, ಅದರ ಛತ್ತಿನ ಕಲ್ಲಿನ ಕಮಲ ಯಾರನ್ನಾದರೂ ತಲೆ ಎತ್ತಿ ನಿಲ್ಲಿಸುತ್ತದೆ. ಮನಸ್ಸು ಕಮಲಕ್ಕೇ ಹೋಗುತ್ತದೆ, ಆದರೂ ಮೊದಲ ಸಲಕ್ಕೆ ನೇರ ಗೆರೆಗಳ ಜಾಲಂಧ್ರ ಆರಿಸಿ. ಕಸೂತಿಯಲ್ಲಿ ಗೆರೆ ಅಡ್ಡ, ಉದ್ದ, ಓರೆ ಮಾತ್ರ ಓಡುತ್ತದೆ. ಕಮಲದ ದುಂಡು ದಳ ಅಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಒಡೆದು ಹೋಗುತ್ತದೆ, ಹೊಸಬರಿಗೆ ಅದನ್ನು ಸರಿದೂಗಿಸುವುದು ಕಷ್ಟ.

ಸ್ಥಳದಲ್ಲೇ ಕೂತು ಬರೆಯಿರಿ. ಫೋಟೋ ಇದ್ದರೆ ಸಾಕು ಅನ್ನಿಸಬಹುದು, ಆದರೆ ಫೋಟೋದಲ್ಲಿ ಕಲ್ಲಿನ ದಪ್ಪ ಕಾಣುವುದಿಲ್ಲ. ಗುಡಿಯ ಒಳಗಿನಿಂದ ನೋಡಿದರೆ ಕಲ್ಲು ಕಪ್ಪು, ತೂತು ಬೆಳಕು. ಹೊರಗಿನಿಂದ ನೋಡಿದರೆ ಅದು ಪೂರ್ತಿ ತಿರುಗಿ ಬೀಳುತ್ತದೆ. ಎರಡನ್ನೂ ಪೆನ್ಸಿಲಿನಲ್ಲಿ ಹಿಡಿಯಿರಿ. ಮನೆಗೆ ಬಂದು 12 ಸೆಂ.ಮೀ. ಚೌಕದಲ್ಲಿ ಮೂರು ಪ್ರತಿ ಮಾಡಿ: ಒಂದು ಬರಿಯ ಗೆರೆ, ಇನ್ನೊಂದು ಬೂದು ಬಣ್ಣವೇ ಇಲ್ಲದ ಅಚ್ಚ ಕಪ್ಪು ಬಿಳುಪು, ಮೂರನೆಯದು ಗ್ರಾಫ್ ಹಾಳೆಯಲ್ಲಿ 20 ಮನೆ ಉದ್ದ, 20 ಮನೆ ಅಗಲದೊಳಗೆ ಮರುಕಳಿಸುವ ಒಂದು ತುಣುಕು. ಈ ಮೂರನೆಯದನ್ನು ಮಾಡುವಾಗ ಏನನ್ನು ಬಿಡಬೇಕು ಎಂಬುದು ತಾನಾಗಿ ಗೊತ್ತಾಗುತ್ತದೆ.

ಮಣ್ಣಿನಿಂದ ಬಣ್ಣ

ಹೆಚ್ಚು ಸಮಯ ಬೇಡುವ ಕೆಲಸ ಇದು, ಹೆಚ್ಚು ಕಲಿಸುವುದೂ ಇದೇ.

ಮಣ್ಣಿನ ಕೆಂಪು, ಹಳದಿ ಎರಡೂ ಕಬ್ಬಿಣದ ಆಕ್ಸೈಡಿನಿಂದ ಬರುತ್ತವೆ. ಹೆಮಟೈಟ್ ಇದ್ದರೆ ಕೆಂಪು, ನೀರಿನಂಶ ಹಿಡಿದಿಟ್ಟುಕೊಂಡ ಗೋಯಥೈಟ್ ಇದ್ದರೆ ಹಳದಿ. ಖಾನಾಪುರ ಕಡೆಯ ಜಂಬಿಟ್ಟಿಗೆ ನೆಲದಲ್ಲಿ ಎರಡೂ ಸಿಗುತ್ತವೆ. ಬಾದಾಮಿ, ಗುಳೇದಗುಡ್ಡ ಸುತ್ತಿನ ಮಸಾರಿ ಮಣ್ಣು ಒಳ್ಳೆಯ ಇಟ್ಟಿಗೆಗೆಂಪು ಕೊಡುತ್ತದೆ. ವಿಜಯಪುರದ ಎರಿ ಮಣ್ಣು ನೋಡಲು ಕಪ್ಪಾದರೂ ಬಣ್ಣವಾಗಿ ನಿರಾಸೆ ಮಾಡುತ್ತದೆ. ತೊಳೆದು ಒಣಗಿಸಿದರೆ ಬೂದುಕಂದು ಬರುತ್ತದೆ, ಅದರಲ್ಲಿರುವ ಜೇಡಿ ನೀರು ಕುಡಿದು ಉಬ್ಬಿ, ಒಣಗುವಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಎರಿ ಹೊಲ ಬಿರಿಯುವ ಕಾರಣವೇ ಹಾಳೆಯ ಮೇಲೂ ಕೆಲಸ ಮಾಡುತ್ತದೆ. ದಪ್ಪಗೆ ಹಚ್ಚಿದರೆ ಸಿಪ್ಪೆಯಾಗಿ ಏಳುತ್ತದೆ. ತೆಳುವಾದ ವಾಶ್‌ಗೆ ಮಾತ್ರ ಇಟ್ಟುಕೊಳ್ಳಿ, ನೆರಳಿನ ಜಾಗಕ್ಕೆ ಅದು ಚೆನ್ನಾಗಿ ಒಪ್ಪುತ್ತದೆ.

ಬಾದಾಮಿಯ ಕೆಂಪು ಕಲ್ಲನ್ನೇ ಪುಡಿ ಮಾಡಿದರೆ ಹೇಗೆ ಎಂದು ಎಲ್ಲರಿಗೂ ಅನ್ನಿಸುತ್ತದೆ. ಬೇಡ. ಅದು ಮರಳುಗಲ್ಲು. ಒಳಗಿರುವುದು ಬಣ್ಣವಿಲ್ಲದ ಸ್ಫಟಿಕದ ಹರಳು, ಕೆಂಪು ಆ ಹರಳುಗಳ ಮೇಲಿನ ತೆಳ್ಳನೆಯ ಲೇಪ ಮಾತ್ರ. ಕುಟ್ಟಿದಷ್ಟೂ ಹರಳಿನ ಒಳಮೈ ಹೊರಬಿದ್ದು ಪುಡಿ ಬಿಳಿಚಿಕೊಳ್ಳುತ್ತದೆ. ಮೇಲಾಗಿ ಆ ಧೂಳು ಶ್ವಾಸಕೋಶಕ್ಕೆ ಇಳಿದರೆ ಸಿಲಿಕೋಸಿಸ್ ತರುವಂಥದ್ದು. ಅದೇ ಕಲ್ಲು ಶತಮಾನಗಟ್ಟಲೆ ಸವೆದು, ಲೇಪದ ಕಬ್ಬಿಣ ಜೇಡಿಯಲ್ಲಿ ಸೇರಿ ತಗ್ಗಿನಲ್ಲಿ ನಿಂತ ಮಣ್ಣೇ ನಿಮಗೆ ಬೇಕಾದದ್ದು. ಗುಡಿ, ಗವಿ, ಕೋಟೆಯ ಆವರಣದಿಂದ ಒಂದು ಚಿಟಿಕೆ ಮಣ್ಣನ್ನೂ ಒಂದು ಹರಳನ್ನೂ ತೆಗೆಯಬೇಡಿ. ಹೊಲದವರನ್ನು ಕೇಳಿ, ಬದುವಿನಲ್ಲೋ ಹೊಸದಾಗಿ ತೋಡಿದ ಬಾವಿಯ ದಂಡೆಯಲ್ಲೋ ಒಂದು ಅಡಿ ಕೆಳಗಿನ ಮಣ್ಣು ಅರ್ಧ ಕಿಲೋ ತೆಗೆದುಕೊಂಡರೆ ಸಾಕು. ಮೇಲ್ಮಣ್ಣಿನಲ್ಲಿ ಬೇರು, ಗೊಬ್ಬರ ಇರುತ್ತದೆ, ಅದು ಮುಂದೆ ಬಣ್ಣಕ್ಕೆ ಬೂಷ್ಟು ತರುತ್ತದೆ.

ತೊಳೆಯುವ ಕ್ರಮ ಹೀಗೆ:

1. ಹೆಂಟೆ ಒಡೆದು, ಕಲ್ಲು ಕಡ್ಡಿ ಆರಿಸಿ, 3 ಲೀಟರ್ ನೀರಿನಲ್ಲಿ ಒಂದು ರಾತ್ರಿ ನೆನೆಯಲು ಬಿಡಿ.
2. ಮರುದಿನ ಕೈಯಿಂದ ಚೆನ್ನಾಗಿ ಕದಡಿ. ತೇಲುವ ಕಸವನ್ನು ಬಸಿದು ಚೆಲ್ಲಿ.
3. ಮತ್ತೊಮ್ಮೆ ಕದಡಿ ಒಂದು ನಿಮಿಷ ಕಾಯಿರಿ. ಮರಳು ತಳಕ್ಕೆ ಇಳಿಯುತ್ತದೆ. ಮೇಲಿನ ಬಣ್ಣದ ನೀರನ್ನು ನಿಧಾನ ಎರಡನೇ ಬಕೆಟ್ಟಿಗೆ ಬಗ್ಗಿಸಿ, ತಳದ ಮರಳು ಜಾರಲು ಶುರುವಾದ ಕೂಡಲೇ ನಿಲ್ಲಿಸಿ.
4. ತಳದ ಮರಳಿಗೆ ಮತ್ತೆ ನೀರು ಹಾಕಿ ಇದನ್ನೇ ಎರಡು ಸಲ ಮಾಡಿ.
5. ಎರಡನೇ ಬಕೆಟ್ಟಿನ ನೀರನ್ನು ಕದಡಿ, ಈ ಸಲ ಹತ್ತು ನಿಮಿಷ ಬಿಟ್ಟು ಮೂರನೇ ಪಾತ್ರೆಗೆ ಬಗ್ಗಿಸಿ. ಇದು ನುಣುಪು ಬಣ್ಣ. ಎರಡನೆಯದರ ತಳದಲ್ಲಿ ಉಳಿದದ್ದು ಸ್ವಲ್ಪ ತರಿ, ಅದನ್ನೂ ಎಸೆಯಬೇಡಿ.
6. ನೀರು ತಿಳಿಯಾಗುವವರೆಗೆ ಬಿಡಿ. ಎರಡು ದಿನವಾದರೂ ತಿಳಿಯಾಗದಿದ್ದರೆ ಒಂದು ಚಿಟಿಕೆ ಪಟಿಕ ಕರಗಿಸಿ ಹಾಕಿ. ಜೇಡಿ ಗುಂಪುಗೂಡಿ ಕೆಳಗಿಳಿಯುತ್ತದೆ. ಪಟಿಕ ಹಾಕಿದರೆ ಆಮೇಲೆ ಎರಡು ಸಲ ಬರಿ ನೀರಿನಲ್ಲಿ ತೊಳೆಯಲೇಬೇಕು.
7. ಕೆಸರನ್ನು ಸ್ಟೀಲ್ ತಟ್ಟೆಯಲ್ಲಿ ಹರಡಿ, ಗಾಳಿಗೆ ಕಸ ಬೀಳದಂತೆ ಅರಿವೆ ಮುಚ್ಚಿ ಒಣಗಿಸಿ.

ಹಳದಿ ಮಣ್ಣು ಸಿಕ್ಕರೆ ಅದರಿಂದಲೇ ಮೂರ್ನಾಲ್ಕು ಬಣ್ಣ ತೆಗೆಯಬಹುದು. ಅಡುಗೆಗೆ ಮತ್ತೆ ಬಳಸದ ಹಳೆಯ ಕಬ್ಬಿಣದ ಹಂಚಿನ ಮೇಲೆ, ಮನೆಯ ಹೊರಗೆ, ಒಣ ಪುಡಿಯನ್ನು ಮಗುಚುತ್ತ ಹುರಿಯಿರಿ. 250ರಿಂದ 300 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಗೋಯಥೈಟಿನ ನೀರಿನಂಶ ಹೋಗಿ ಅದು ಹೆಮಟೈಟ್ ಆಗುತ್ತದೆ, ಹಳದಿ ಕೆಂಪಾಗುತ್ತದೆ. ಐದೈದು ನಿಮಿಷಕ್ಕೆ ಒಂದು ಚಮಚ ತೆಗೆದು ಬೇರೆ ಬೇರೆ ಕಾಗದದ ಮೇಲೆ ಇಡಿ. ಬಿಸಿಯಲ್ಲಿದ್ದಾಗ ಬಣ್ಣ ನಿಜಕ್ಕಿಂತ ಗಾಢವಾಗಿ ಕಾಣುತ್ತದೆ, ಆರಿದ ಮೇಲೆಯೇ ನಿರ್ಧರಿಸಿ. ಕಪ್ಪಿಗೆ ಮನೆಯಲ್ಲೇ ಕಾಡಿಗೆ ಹಿಡಿಯಿರಿ: ಎಣ್ಣೆಯ ದೀಪದ ಮೇಲೆ ಸ್ಟೀಲ್ ಬಟ್ಟಲು ಬೋರಲು ಹಾಕಿದರೆ ಮಸಿ ಕೂರುತ್ತದೆ. ಮಸಿ ನೀರಿಗೆ ಕೂಡುವುದಿಲ್ಲ, ಮೇಲೆಯೇ ತೇಲುತ್ತದೆ. ನಾಲ್ಕು ಹನಿ ಸ್ಪಿರಿಟ್ ಹಾಕಿ ಕಲಸಿ ಆಮೇಲೆ ಅಂಟಿನ ನೀರು ಸೇರಿಸಿ. ಉರಿಯುವ ದೀಪ ಆ ಹೊತ್ತಿಗೆ ಹತ್ತಿರ ಇರಬಾರದು.

ಈಗ ಅಂಟು. ಜಲವರ್ಣಕ್ಕೆ ಬಣ್ಣ ಹಿಡಿದಿಡುವ ಪದಾರ್ಥ ಜಾಲಿ ಜಾತಿಯ ಮರದ ಅಂಟು. ಅಮೀನಗಡ, ಗೋಕಾಕದ ಕರದಂಟಿಗೆ, ಬಾಣಂತಿಯರ ಅಂಟಿನ ಉಂಡಿಗೆ ಹಾಕುವ ಅಂಟು ಕಿರಾಣಿ ಅಂಗಡಿಯಲ್ಲಿ ಸಿಗುತ್ತದೆ, ಅದೇ ನಡೆಯುತ್ತದೆ. ಒಂದು ಪರೀಕ್ಷೆ ಮಾತ್ರ ತಪ್ಪಿಸಬೇಡಿ: ಒಂದು ಹರಳನ್ನು ಲೋಟದ ನೀರಿನಲ್ಲಿ ರಾತ್ರಿ ಬಿಡಿ. ಬೆಳಿಗ್ಗೆ ಕರಗಿ ಮಾಯವಾಗಿದ್ದರೆ ಸರಿ. ಕರಗದೆ ಉಬ್ಬಿ ಲೋಳೆಯಂತೆ ನಿಂತಿದ್ದರೆ ಅದು ಕತೀರಾ ಗೋಂದು, ಬಣ್ಣಕ್ಕೆ ಬರುವುದಿಲ್ಲ. ಸರಿಯಾದ ಅಂಟು 20 ಗ್ರಾಂ ಖಲಬತ್ತದಲ್ಲಿ ಕುಟ್ಟಿ, 40 ಮಿ.ಲೀ. ಬಿಸಿ ನೀರಿನಲ್ಲಿ ರಾತ್ರಿ ನೆನೆಸಿ, ತೆಳು ಮಲ್ಲಿನ ಬಟ್ಟೆಯಲ್ಲಿ ಸೋಸಿ. ತೊಗಟೆಯ ಚೂರುಗಳು ಅಲ್ಲೇ ಉಳಿಯುತ್ತವೆ. ಅದಕ್ಕೆ ಒಂದು ಚಹಾ ಚಮಚ ಜೇನುತುಪ್ಪ, ಎರಡು ಹನಿ ಲವಂಗದ ಎಣ್ಣೆ. ಜೇನು ಬಣ್ಣ ಬಿರಿಯದಂತೆ ನೋಡಿಕೊಳ್ಳುತ್ತದೆ, ಲವಂಗದೆಣ್ಣೆ ಬೂಷ್ಟು ತಡೆಯುತ್ತದೆ.

ಅರೆಯಲು ಒಂದು ಅಡಿ ಚೌಕದ ದಪ್ಪ ಗಾಜು ಅಥವಾ ಗ್ರಾನೈಟ್ ಅಂಗಡಿಯಲ್ಲಿ ಬಿದ್ದಿರುವ ತುಂಡು ಸಾಕು. ಇಳಕಲ್ಲಿನ ಕೆಂಪು ಗ್ರಾನೈಟಿನ ತುಂಡು ಬಹಳ ಚೆನ್ನ. ಪಾಲಿಶ್ ಮೈ ಮೇಲೆ ಬಣ್ಣ ಜಾರುತ್ತದೆ, ನೀರು ಹಾಕಿ 220 ನಂಬರಿನ ಎಮರಿ ಕಾಗದದಿಂದ ಮಂಕಾಗುವವರೆಗೆ ಉಜ್ಜಿಕೊಳ್ಳಿ. ಗಾಜಿನ ಅರೆಯುವ ಗುಂಡು ಇಲ್ಲದಿದ್ದರೆ ತಳ ಚಪ್ಪಟೆಯಾಗಿರುವ ದಪ್ಪ ಗಾಜಿನ ಪೇಪರ್‌ವೇಟ್ ಆದೀತು. ಎರಡು ಚಮಚ ಬಣ್ಣದ ಪುಡಿಗೆ ಮೊದಲು ನೀರು ಹಾಕಿ ಗಟ್ಟಿ ಹಿಟ್ಟಿನಂತೆ ಕಲಸಿ, ಆಮೇಲೆ ಎರಡು ಚಮಚ ಅಂಟಿನ ನೀರು ಸ್ವಲ್ಪ ಸ್ವಲ್ಪವಾಗಿ ಸೇರಿಸುತ್ತ ಇಂಗ್ಲಿಷಿನ ಎಂಟರ ಆಕಾರದಲ್ಲಿ ಅರೆಯಿರಿ. ಶುರುವಿನಲ್ಲಿ ಕರಕರ ಸದ್ದು ಬರುತ್ತದೆ. ಹತ್ತು ನಿಮಿಷಕ್ಕೆ ಸದ್ದು ಮೆತ್ತಗಾಗುತ್ತದೆ, ಇಪ್ಪತ್ತಕ್ಕೆ ಗುಂಡು ಕಲ್ಲನ್ನು ಹಿಡಿದುಕೊಂಡಂತೆ ಎಳೆಯುತ್ತದೆ, ಸದ್ದು ನಿಂತಿರುತ್ತದೆ. ಅಲ್ಲಿಗೆ ಬಣ್ಣ ಆಯಿತು. ಅಂಚಿಗೆ ಹೋದದ್ದನ್ನು ಚಾಕುವಿನಿಂದ ಆಗಾಗ ನಡುವಿಗೆ ಎಳೆಯದಿದ್ದರೆ ಅರ್ಧ ನುಣ್ಣಗೆ, ಅರ್ಧ ತರಿಯಾಗಿ ಉಳಿಯುತ್ತದೆ. ಒಣ ಪುಡಿ ತೆಗೆಯುವಾಗ, ಸೋಸುವಾಗ ಮೂಗಿಗೆ ಮಾಸ್ಕ್ ಕಡ್ಡಾಯ.

ಪ್ರತಿ ಸಲ ಹಾಳೆಯ ಮೇಲೆ ಒಂದು ಪಟ್ಟಿ ಎಳೆದು ಒಣಗಿಸಿ ಬೆರಳಿನಿಂದ ಉಜ್ಜಿ ನೋಡಿ. ಬೆರಳಿಗೆ ಬಣ್ಣ ಹತ್ತಿದರೆ ಅಂಟು ಕಡಿಮೆ. ಮಿಂಚಿದರೆ, ಹಾಳೆ ಬಗ್ಗಿಸಿದಾಗ ಬಿರಿದರೆ ಅಂಟು ಹೆಚ್ಚು. ಡಬ್ಬಿಯಲ್ಲಿ ತುಂಬಿದ ಬಣ್ಣ ಒಣಗಿ ನಾಲ್ಕು ಚೂರಾಗುವುದು ಬೇಸಿಗೆಯಲ್ಲಿ ಸಾಮಾನ್ಯ. ಒಂದೇ ಸಲ ದಪ್ಪಗೆ ತುಂಬದೆ ಮೂರು ಪದರಾಗಿ ತುಂಬಿ, ಒಂದು ಒಣಗಿದ ಮೇಲೆ ಇನ್ನೊಂದು ಹಾಕಿ. ಮಳೆಗಾಲದಲ್ಲಿ ಅದೇ ಬಣ್ಣ ಒಣಗದೆ ಕೈಗೆ ಅಂಟುತ್ತಿದ್ದರೆ ಜೇನು ಜಾಸ್ತಿಯಾಗಿದೆ ಎಂದರ್ಥ.

ಜಾಲಂಧ್ರವನ್ನು ಈಗ ಬರೆಯಿರಿ: ಹಾಳೆಯ ಬಿಳಿಯೇ ಬೆಳಕು, ತೆಳು ಹಳದಿ, ನಡುವೆ ಕೆಂಪು, ಕಲ್ಲಿನ ದಪ್ಪದ ನೆರಳಿಗೆ ಎರಿ ಮತ್ತು ಕಾಡಿಗೆ. ಹಸಿಯಿದ್ದಾಗ ಮಣ್ಣಿನ ಬಣ್ಣ ಗಾಢ, ಒಣಗಿದರೆ ಎರಡು ಮಟ್ಟ ತಿಳಿಯಾಗುತ್ತದೆ. ಟ್ಯೂಬಿನ ಬಣ್ಣದ ಅಭ್ಯಾಸವಿದ್ದವರು ಮೊದಲ ಹಾಳೆ ಸಪ್ಪೆಯಾಯಿತೆಂದು ಕೈ ಬಿಡುತ್ತಾರೆ. ಪದರ ಒಣಗಿಸಿ ಇನ್ನೊಂದು ಪದರ ಹಚ್ಚಿ, ಆಳ ಬರುತ್ತದೆ.

ಬಿಸಿಲಿನ ನೀಲಿ ಅಚ್ಚು

ಸಯನೋಟೈಪ್ ಎಂಬ ಈ ಅಚ್ಚಿನ ವಿಧಾನವನ್ನು 1842ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದರು. ಕ್ಯಾಮೆರಾ ಬೇಡ, ಡಾರ್ಕ್‌ರೂಮ್ ಬೇಡ. ಕಾಲೇಜು ಪ್ರಯೋಗಾಲಯಗಳಿಗೆ ರಾಸಾಯನಿಕ ಪೂರೈಸುವ ಅಂಗಡಿಯಲ್ಲಿ ಎರಡು ಪುಡಿ ಕೇಳಿ: ಹಸಿರು ಬಗೆಯ ಫೆರಿಕ್ ಅಮೋನಿಯಂ ಸಿಟ್ರೇಟ್, ಪೊಟ್ಯಾಸಿಯಂ ಫೆರಿಸಯನೈಡ್. ಎರಡನೆಯದರ ಹೆಸರಿನಲ್ಲಿ ‘ಫೆರಿ’ ಇದೆಯೋ ‘ಫೆರೋ’ ಇದೆಯೋ ಸರಿಯಾಗಿ ಓದಿ. ಫೆರೋಸಯನೈಡ್ ಬೇರೆ ಪದಾರ್ಥ, ಅದರಿಂದ ಈ ಅಚ್ಚು ಬರುವುದಿಲ್ಲ. ಸರಿಯಾದದ್ದು ಕೆಂಪು ಕಿತ್ತಳೆ ಹರಳು, ತಪ್ಪಾದದ್ದು ತಿಳಿ ಹಳದಿ.

ಮೊದಲನೆಯದು 5 ಗ್ರಾಂ 20 ಮಿ.ಲೀ. ನೀರಿಗೆ, ಎರಡನೆಯದು 2 ಗ್ರಾಂ ಇನ್ನೊಂದು 20 ಮಿ.ಲೀ. ನೀರಿಗೆ. ಎರಡಕ್ಕೂ ಡಿಸ್ಟಿಲ್ಡ್ ವಾಟರ್ ಬಳಸಿ, ಬೇರೆ ಬೇರೆ ಕಂದು ಬಾಟಲಿಯಲ್ಲಿಡಿ. ಬಳಸುವ ಹೊತ್ತಿಗೆ ಮಾತ್ರ ಸಮ ಪ್ರಮಾಣದಲ್ಲಿ ಕೂಡಿಸಿ. ಎ4 ಅಳತೆಯ ಹಾಳೆಗೆ ಸುಮಾರು 4 ಮಿ.ಲೀ. ಹಿಡಿಯುತ್ತದೆ. ಅಡುಗೆಯ ಪಾತ್ರೆ, ಚಮಚ ಬಳಸಬೇಡಿ, ಕೈಗೆ ಗ್ಲೌಸ್ ಇರಲಿ. ಫೆರಿಸಯನೈಡನ್ನು ಬಿಸಿ ಮಾಡಬಾರದು, ಟಾಯ್ಲೆಟ್ ಕ್ಲೀನರ್‌ನಂಥ ತೀಕ್ಷ್ಣ ಆಮ್ಲದ ಹತ್ತಿರವೂ ಒಯ್ಯಬಾರದು, ವಿಷಾನಿಲ ಏಳುತ್ತದೆ.

ರಾತ್ರಿ ಊಟವಾದ ಮೇಲೆ ಮಂದ ಹಳದಿ ಬಲ್ಬಿನಲ್ಲಿ ದಪ್ಪ ಜಲವರ್ಣದ ಹಾಳೆಗೆ ಅಗಲ ಬ್ರಶ್ಶಿನಿಂದ ಮೊದಲು ಅಡ್ಡ, ಆಮೇಲೆ ಉದ್ದ ಹಚ್ಚಿ. ನಿಂತ ಹನಿ ಉಳಿಯಬಾರದು. ಬಾಗಿಲು ಹಾಕಿದ ಕಪಾಟಿನಲ್ಲಿ ಬೆಳಗಿನವರೆಗೆ ಒಣಗಲಿ.

ನಿಮ್ಮ ಕಪ್ಪು ಬಿಳುಪು ಜಾಲಂಧ್ರವನ್ನು ಝೆರಾಕ್ಸ್ ಅಂಗಡಿಯಲ್ಲಿ ಪಾರದರ್ಶಕ ಹಾಳೆಯ ಮೇಲೆ ತೆಗೆಸಿ. ಇಲ್ಲಿ ಹೊಸಬರು ಎಡವುವುದು ಒಂದೇ ಕಡೆ: ಪಾರದರ್ಶಕ ಹಾಳೆಯಲ್ಲಿ ಕಪ್ಪಿರುವ ಜಾಗ ಅಚ್ಚಿನಲ್ಲಿ ಬಿಳಿಯಾಗಿ ಉಳಿಯುತ್ತದೆ. ತೂತುಗಳಿಂದ ಬೆಳಕು ಬರುವಂತೆ ಕಾಣಬೇಕಾದರೆ ತೂತುಗಳೇ ಕಪ್ಪಾಗಿರಬೇಕು. ಹೊರಗಿನಿಂದ ಕಂಡಂತೆ ಬರೆದದ್ದು ಒಳಗಿನಿಂದ ಕಂಡ ಜಾಲಂಧ್ರದ ಅಚ್ಚು ಕೊಡುತ್ತದೆ. ಸ್ಥಳದಲ್ಲಿ ಎರಡನ್ನೂ ಬರೆಯಿರಿ ಎಂದದ್ದು ಇದಕ್ಕೇ. ಝೆರಾಕ್ಸಿನ ಕಪ್ಪು ತೆಳುವಾಗಿದ್ದರೆ ಎರಡು ಪ್ರತಿ ಒಂದರ ಮೇಲೊಂದು ಜೋಡಿಸಿ.

ರಟ್ಟು, ಅದರ ಮೇಲೆ ಹಚ್ಚಿದ ಹಾಳೆ, ಮೇಲೆ ಪಾರದರ್ಶಕ ಹಾಳೆ, ಅದರ ಮೇಲೆ ಕಿಟಕಿಯ ಗಾಜು, ನಾಲ್ಕೂ ಕಡೆ ಕ್ಲಿಪ್. ಮೊದಲ ಹಾಳೆಯನ್ನು ಚಿತ್ರಕ್ಕೆ ಬಳಸಬೇಡಿ, ಅಳತೆಗೆ ಬಳಸಿ. ರಟ್ಟಿನ ತುಂಡಿನಿಂದ ಮುಚ್ಚಿ, ಎರಡೆರಡು ನಿಮಿಷಕ್ಕೆ ಸ್ವಲ್ಪ ಸ್ವಲ್ಪ ಸರಿಸುತ್ತ ಹೋದರೆ 2, 4, 6, 8, 10 ನಿಮಿಷದ ಪಟ್ಟಿಗಳು ಒಂದೇ ಹಾಳೆಯಲ್ಲಿ ಸಿಗುತ್ತವೆ. ಆ ದಿನ, ಆ ಹೊತ್ತು, ಆ ಹಾಳೆಗೆ ಯಾವುದು ಸರಿಯೋ ಬರೆದಿಡಿ. ಬೇಸಿಗೆಯ ಮಟಮಟ ಮಧ್ಯಾಹ್ನ ಐದಾರು ನಿಮಿಷಕ್ಕೆ ಆಗುವುದು ಮೋಡದ ದಿನ ಇಪ್ಪತ್ತು ನಿಮಿಷವಾದರೂ ಆಗದು. ಹಚ್ಚಿದ ಜಾಗ ಹಸಿರಿನಿಂದ ಬೂದಿಗೆ ತಿರುಗಿದರೆ ಸಾಕಾಯಿತು ಎಂಬ ಗುರುತು.

ತೊಳೆಯುವ ನೀರಿನ ವಿಷಯ ನಮ್ಮ ಕಡೆಯವರಿಗೆ ವಿಶೇಷವಾಗಿ ಮುಖ್ಯ. ಬೋರ್‌ವೆಲ್ ನೀರು ಸವಳಾಗಿದ್ದರೆ, ಕ್ಷಾರ ಹೆಚ್ಚಿದ್ದರೆ ಈ ನೀಲಿ ನಿಲ್ಲುವುದಿಲ್ಲ, ಕಣ್ಣೆದುರೇ ಮಂಕಾಗುತ್ತದೆ. ಮೊದಲ ಟ್ರೇಯ ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ವಿನೆಗರ್ ಅಥವಾ ಅರ್ಧ ಲಿಂಬೆಹಣ್ಣಿನ ರಸ ಸೋಸಿ ಹಾಕಿ ಐದು ನಿಮಿಷ ಅಲುಗಾಡಿಸಿ, ಆಮೇಲೆ ಸಾಧ್ಯವಿದ್ದರೆ ಫಿಲ್ಟರ್ ನೀರಿನಲ್ಲಿ ಬಿಳಿ ಜಾಗದ ಹಳದಿ ಛಾಯೆ ಪೂರ್ತಿ ಹೋಗುವವರೆಗೆ ತೊಳೆಯಿರಿ. ನೀಲಿಯೆಲ್ಲ ನೀರಿನಲ್ಲಿ ಹರಿದುಹೋದರೆ ಬಿಸಿಲು ಸಾಲಲಿಲ್ಲ, ಇಲ್ಲವೇ ದ್ರಾವಣ ದಪ್ಪಗೆ ನಿಂತಿತ್ತು. ಬಿಳಿ ಜಾಗವೂ ನೀಲಿಯಾದರೆ ಹಾಳೆ ಮೊದಲೇ ಬೆಳಕು ಕಂಡಿದೆ ಅಥವಾ ಕೂಡಿಸಿದ ದ್ರಾವಣ ಹಳೆಯದಾಗಿದೆ. ಬಟ್ಟೆಯ ಮೇಲೆ ಅಚ್ಚು ತೆಗೆದರೆ ಸಾಬೂನು ಪುಡಿ, ಸೋಡಾ ಹತ್ತಿರ ಸೇರಿಸಬೇಡಿ.

ಕಸೂತಿ

ಕಸೂತಿಯಲ್ಲಿ ನಮೂನೆಯನ್ನು ಬಟ್ಟೆಯ ಮೇಲೆ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸಿ ಹಾಕುತ್ತಾರೆ, ಗಂಟು ಹಾಕುವುದಿಲ್ಲ. ಗವಂತಿ, ಮುರ್ಗಿ, ನೇಗಿ, ಮೆಂತಿ ಎಂದು ನಾಲ್ಕು ಹೊಲಿಗೆ. ಗವಂತಿ ಗೆರೆ, ಮುರ್ಗಿ ಮೆಟ್ಟಿಲಿನಂಥ ಓರೆ ಸಾಲು, ಈ ಎರಡು ಮುಂದೂ ಹಿಂದೂ ಒಂದೇ ರೀತಿ ಕಾಣುತ್ತವೆ. ಜಾಲಂಧ್ರಕ್ಕೆ ಗವಂತಿ ಒಂದೇ ಸಾಕು. ಮನೆಯಲ್ಲಿ ಅಜ್ಜಿಯದೋ ಅತ್ತೆಯದೋ ಹಳೆಯ ಕಸೂತಿ ಹಾಕಿದ ಇಳಕಲ್ ಸೀರೆ ಇದ್ದರೆ ಕೇಳಿ ತೆಗೆಸಿ, ಮುಂಭಾಗ ಬಿಟ್ಟು ಹಿಂಭಾಗ ನೋಡಿ. ದಾರ ಎಲ್ಲಿ ಶುರುವಾಗಿದೆ ಎಂದು ಹುಡುಕಿ. ಒಳ್ಳೆಯ ಕೆಲಸದಲ್ಲಿ ಅದು ಸಿಗುವುದಿಲ್ಲ.

ಕಲಿಯಲು ಎಳೆ ಎಣಿಸಲು ಬರುವ ಮ್ಯಾಟಿ ಬಟ್ಟೆ, ಮೊಂಡು ತುದಿಯ 24 ನಂಬರಿನ ಸೂಜಿ, ಆರು ಎಳೆಯ ಹತ್ತಿ ದಾರದಲ್ಲಿ ಎರಡು ಎಳೆ. ದಾರ 45 ಸೆಂ.ಮೀ.ಗಿಂತ ಉದ್ದ ಬೇಡ, ಉದ್ದವಾದಷ್ಟೂ ಎಳೆದೆಳೆದು ಜೂಲೇಳುತ್ತದೆ. ಬಟ್ಟೆಯ ಮೇಲೆ ಹತ್ತು ಮನೆಗೊಂದರಂತೆ ಬೇರೆ ಬಣ್ಣದ ದಾರದ ಉದ್ದ ಹೊಲಿಗೆ ಹಾಕಿಕೊಳ್ಳಿ, ಎಣಿಕೆ ತಪ್ಪಿದರೆ ಅಲ್ಲೇ ಸಿಕ್ಕಿಬೀಳುತ್ತದೆ. ಕೆಲಸ ಮುಗಿದ ಮೇಲೆ ಅದನ್ನು ಎಳೆದು ತೆಗೆಯುವುದು. ಶುರುವಿನಲ್ಲಿ 5 ಸೆಂ.ಮೀ. ಬಾಲ ಬಿಟ್ಟು, ಆಮೇಲೆ ಅದನ್ನು ಹಾಕಿದ ಹೊಲಿಗೆಯೊಳಗೇ ಸೇರಿಸಿ.

ಗವಂತಿ ಎಂದರೆ ಒಂದು ಮನೆ ಬಟ್ಟೆಯ ಮೇಲೆ, ಒಂದು ಮನೆ ಬಟ್ಟೆಯ ಕೆಳಗೆ ಹೋಗಿ, ಮರಳುವಾಗ ಖಾಲಿ ಬಿಟ್ಟದ್ದನ್ನು ತುಂಬುವುದು. ಕೇಳಲು ಸುಲಭ, ದಾರಿ ಹುಡುಕುವುದೇ ಕಷ್ಟ. ಉದಾಹರಣೆಗೆ ಪ್ರತಿ ಬದಿಗೆ 4 ಹೊಲಿಗೆಯ ಚೌಕ, ಪ್ರತಿ ಮೂಲೆಯಿಂದ ಹೊರಕ್ಕೆ 2 ಹೊಲಿಗೆಯ ಕೊಂಬೆ ತೆಗೆದುಕೊಳ್ಳಿ. ಚೌಕದ ಬದಿ ಹಿಡಿದು ಹೋಗಿ, ಮೂಲೆ ಬಂದಾಗ ಕೊಂಬೆಯ ತುದಿವರೆಗೆ ಹೋಗಿ ಅದೇ ದಾರಿಯಲ್ಲಿ ಮೂಲೆಗೆ ಮರಳಿ, ಆ ಕೊಂಬೆ ಪೂರ್ತಿಯಾದ ಮೇಲೆ ಮಾತ್ರ ಮುಂದಿನ ಬದಿ. ಕೊಂಬೆಯನ್ನು ‘ಆಮೇಲೆ ಹಾಕಿದರಾಯಿತು’ ಎಂದು ಬಿಟ್ಟರೆ ಹಿಂಭಾಗದಲ್ಲಿ ದಾರ ಅಡ್ಡಾದಿಡ್ಡಿ ಹಾಯುತ್ತದೆ. ಸುತ್ತು ಮುಗಿದು ಹೊರಟ ಜಾಗಕ್ಕೆ ಬಂದಾಗ ಇನ್ನೊಂದು ಸಂಗತಿ ಕಾದಿರುತ್ತದೆ. ಈ ಚೌಕದ ಹೊಲಿಗೆ ಒಟ್ಟು 16, ಸಮಸಂಖ್ಯೆ. ಅದೇ ದಿಕ್ಕಿನಲ್ಲಿ ಎರಡನೇ ಸುತ್ತು ಹೊರಟರೆ ಸೂಜಿ ಹಾಕಿದ ಹೊಲಿಗೆಯ ಮೇಲೆಯೇ ಮತ್ತೆ ಬೀಳುತ್ತದೆ, ಖಾಲಿ ಜಾಗ ಖಾಲಿಯೇ ಉಳಿಯುತ್ತದೆ. ತಿರುಗಿ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಬೇಕು. ಒಟ್ಟು ಬೆಸಸಂಖ್ಯೆಯಾದರೆ ಅದೇ ದಿಕ್ಕು ನಡೆಯುತ್ತದೆ. ಹೊಲಿಯುವ ಮೊದಲು ಗ್ರಾಫ್ ಹಾಳೆಯ ಮೇಲೆ ಪೆನ್ಸಿಲ್ ಎತ್ತದೆ ಒಮ್ಮೆ ಓಡಾಡಿ ಬನ್ನಿ.

ತಪ್ಪು ಕಂಡರೆ ಕತ್ತರಿ ಹಿಡಿಯಬೇಡಿ, ಸೂಜಿ ಬಿಚ್ಚಿ ಅದರ ಮೊಂಡು ತುದಿಯಿಂದ ಒಂದೊಂದೇ ಹೊಲಿಗೆ ಎತ್ತಿ ಬಿಚ್ಚಿ. ಹೊಲಿಗೆ ಬಿಗಿಯಾಗಿ ಬಟ್ಟೆ ಮುದುಡುತ್ತಿದ್ದರೆ ಹೂಪ್ ಹಾಕುವುದಕ್ಕಿಂತ ಕೈ ಸಡಿಲಿಸುವುದನ್ನು ಕಲಿಯುವುದೇ ಒಳ್ಳೆಯದು.

ನೋಟ್‌ಬುಕ್ಕಿನಲ್ಲಿ ಏನು ಬರೆಯಬೇಕು

‘ಚೆನ್ನಾಗಿ ಬಂತು’, ‘ಬರಲಿಲ್ಲ’ ಎಂದು ಬರೆಯುವುದರಿಂದ ಪ್ರಯೋಜನವಿಲ್ಲ, ಮೊದಲ ಕೆಲಸ ಯಾರದೂ ಚೆನ್ನಾಗಿ ಬರುವುದಿಲ್ಲ. ಪ್ರತಿ ಸಲ ಎದ್ದ ಕೂಡಲೇ ಇಷ್ಟು ಬರೆಯಿರಿ: ಯಾವ ಹಂತದಲ್ಲಿ ಮೊಬೈಲ್ ಕೈಗೆ ಬಂತು, ಯಾವ ಹಂತದಲ್ಲಿ ಊಟಕ್ಕೆ ಕರೆದದ್ದು ಕೇಳಿಸಲಿಲ್ಲ, ಯಾವುದನ್ನು ಅಗತ್ಯವಿಲ್ಲದಿದ್ದರೂ ಇನ್ನೊಮ್ಮೆ ಮಾಡಿದಿರಿ. ಕಣ್ಣು, ಬೆನ್ನು, ಕೈ ಏನು ಹೇಳಿತು ಎಂಬುದನ್ನೂ ಬರೆಯಿರಿ. ಮೈ ಒಪ್ಪದ ಕೆಲಸವನ್ನು ಮನಸ್ಸು ಬಹಳ ದಿನ ಎಳೆಯಲಾರದು.

ಮೂರೂ ಮುಗಿದ ಮೇಲೆ ಎರಡು ವಾರ ಏನೂ ಮಾಡಬೇಡಿ. ಸಾಮಾನುಗಳನ್ನು ಮೂರು ಬೇರೆ ಡಬ್ಬಿಯಲ್ಲಿ ಕಾಣುವ ಜಾಗದಲ್ಲಿಡಿ. ಯಾರೂ ಹೇಳದೆ ಯಾವ ಡಬ್ಬಿಗೆ ಕೈ ಹೋಯಿತು ನೋಡಿ. ಈ ಅವಧಿಯಲ್ಲಿ ಚಿತ್ರಗಳನ್ನು ಇನ್‌ಸ್ಟಾಗ್ರಾಂನಲ್ಲಿ ಹಾಕದಿರುವುದು ಒಳ್ಳೆಯದು. ನೀಲಿ ಅಚ್ಚು ಫೋಟೋದಲ್ಲಿ ಎದ್ದು ಕಾಣುತ್ತದೆ, ಮಣ್ಣಿನ ಬಣ್ಣ ಮಂಕಾಗಿ ಕಾಣುತ್ತದೆ. ಲೈಕು ನೋಡಿ ನಿರ್ಧರಿಸಿದರೆ ಆಯ್ಕೆ ನಿಮ್ಮದಾಗುವುದಿಲ್ಲ.

ಉತ್ತರ ಯಾವಾಗಲೂ ಈ ಮೂರರಲ್ಲೇ ಒಂದಾಗಿರಬೇಕೆಂದಿಲ್ಲ. ಚಿತ್ರ ಬರೆಯುವುದಕ್ಕಿಂತ ಹುರಿದ ಪುಡಿಯ ಛಾಯೆಗಳನ್ನು ಸಾಲಾಗಿ ಜೋಡಿಸಿ ಚೀಟಿ ಅಂಟಿಸುವುದು ಖುಷಿ ಕೊಟ್ಟಿದ್ದರೆ ಬಣ್ಣ ತಯಾರಿಕೆ, ನೈಸರ್ಗಿಕ ಬಣ್ಣಗಾರಿಕೆ ಕಡೆ ಹೋಗಿ. ಬಣ್ಣಕ್ಕಿಂತ ಕೆಸರನ್ನು ಕೈಯಲ್ಲಿ ನಾದುವುದೇ ಹಿಡಿಸಿದ್ದರೆ ನಿಮಗೆ ಬೇಕಾದದ್ದು ಚಕ್ರ. ಬೆಳಗಾವಿ ಜಿಲ್ಲೆಯ ಖಾನಾಪುರ ಕುಂಬಾರಿಕೆಗೆ ಹೆಸರಾದ ಊರು, ಒಂದು ದಿನ ಹೋಗಿ ಕೆಲಸ ನೋಡಿ ಬನ್ನಿ. ಅಚ್ಚಿಗಿಂತ ಎರಡೆರಡು ನಿಮಿಷದ ಪಟ್ಟಿಯೇ ಇಷ್ಟವಾದವರಿಗೆ ಎಚಿಂಗ್, ಲಿಥೋಗ್ರಫಿಯಂಥ ಮುದ್ರಣ ಕಲೆ ಒಗ್ಗುತ್ತದೆ. ಸೂಜಿಗಿಂತ ಗ್ರಾಫ್ ಹಾಳೆಯ ದಾರಿ ಹುಡುಕಾಟ ಹಿಡಿಸಿದವರು ಗುಳೇದಗುಡ್ಡದ ಖಣ, ಇಳಕಲ್ ಸೀರೆಯ ಮಗ್ಗದ ಮುಂದೆ ಅರ್ಧ ದಿನ ಕೂತು ಬರಲಿ. ನೇಕಾರರನ್ನು ಮೊದಲೇ ಕೇಳಿಕೊಂಡು, ಅವರ ಕೆಲಸದ ಹೊತ್ತಿಗೆ ಅಡ್ಡಿಯಾಗದಂತೆ ಹೋಗಬೇಕು.

ಎರಡು ಕೆಲಸ ಕೂಡಿಸುವ ಆಸೆ ಬಂದರೆ ಮ್ಯಾಟಿ ಬಟ್ಟೆಯ ಮೇಲೆ ನೀಲಿ ಅಚ್ಚು ತೆಗೆದು ಅದರ ಮೇಲೆ ಗವಂತಿ ಹಾಕಬಹುದು. ಬಟ್ಟೆಯನ್ನು ಮೊದಲೇ ತೊಳೆದು ಗಂಜಿ ತೆಗೆದಿರಬೇಕು, ಇಲ್ಲವಾದರೆ ದ್ರಾವಣ ಚುಕ್ಕೆ ಚುಕ್ಕೆಯಾಗಿ ಹಿಡಿಯುತ್ತದೆ. ಸುಣ್ಣ ಬೆರೆತ ಬಣ್ಣದ ಮೇಲೆ ಮಾತ್ರ ನೀಲಿ ಅಚ್ಚು ಬೇಡ, ಸುಣ್ಣದ ಕ್ಷಾರ ನೀಲಿಯನ್ನು ತಿಂದುಬಿಡುತ್ತದೆ.

ಮಣ್ಣಿನ ಬಣ್ಣವನ್ನೇ ಮುಂದುವರಿಸುವವರು ಪ್ರತಿ ಬಾಟಲಿಗೂ ಊರು, ಹೊಲ, ಎಷ್ಟು ಆಳದ ಮಣ್ಣು, ಯಾವ ತಿಂಗಳು, ಎಷ್ಟು ಹೊತ್ತು ಹುರಿದದ್ದು ಎಂದು ಬರೆದ ಚೀಟಿ ಅಂಟಿಸಿ, ಅದೇ ಚೀಟಿಯ ಮೇಲೆ ಆ ಬಣ್ಣದ ಒಂದು ಪಟ್ಟಿಯನ್ನೂ ಎಳೆಯಿರಿ. ಒಂದೇ ಹೊಲದಲ್ಲಿ ಎರಡು ಅಡಿ ಕೆಳಗೆ ಬಣ್ಣ ಬೇರೆಯಾಗಿರಬಹುದು. ದೊಡ್ಡ ಚಿತ್ರದ ನಡುವೆ ಕೆಂಪು ಮುಗಿದರೆ ಮತ್ತೆ ಯಾವ ಬದುವಿಗೆ ಹೋಗಬೇಕೆಂಬುದು ಆ ಚೀಟಿಯಲ್ಲಿ ಮಾತ್ರ ಇರುತ್ತದೆ.